ಪೂರ್ತಿ ಬಸ್ಕಿಯೋ, ಅರ್ಧ ಬಸ್ಕಿಯೋ, ಗೋಡೆಗೊರಗಿ ಕೂರೋದೋ?

ಮೊದಲು ಮಂಡಿಚಿಪ್ಪಿನ ಮೇಲೆ ಕೈ ಇಟ್ಟು ನಿಧಾನವಾಗಿ ಕೂತು ನೋಡಿ. ಚಿಪ್ಪು ತೊಡೆಮೂಳೆಯ ತೋಡಿನಲ್ಲಿ ಜಾರುವುದು ಕೈಗೇ ಗೊತ್ತಾಗುತ್ತದೆ. ನೋವಿಲ್ಲದೆ ಬರೀ ಲಟಕ್ ಅಂದರೆ ಸಾಮಾನ್ಯವಾಗಿ ಹೆದರಬೇಕಿಲ್ಲ.

ಒತ್ತಡದ ಲೆಕ್ಕ ಸ್ವಲ್ಪ ವಿಚಿತ್ರ. ಮಂಡಿ ಸುಮಾರು 90 ಡಿಗ್ರಿ ಮಡಿಯುವವರೆಗೆ ಚಿಪ್ಪಿನ ಹಿಂದೆ ಒತ್ತಡ ಏರುತ್ತಲೇ ಹೋಗುತ್ತದೆ. ಇನ್ನೂ ಕೆಳಗಿಳಿದರೆ ಚಿಪ್ಪಿಗಿಂತ ಮೇಲಿರುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ) ತೊಡೆಮೂಳೆಗೆ ತಾಗಿ ಭಾರದಲ್ಲಿ ಪಾಲು ತಗೊಳ್ಳುತ್ತದೆ. ಹಾಗಾಗಿ ಗರಡಿಮನೆಯ ಪೂರ್ತಿ ಬಸ್ಕಿ ಎಲ್ಲರ ಮಂಡಿಯನ್ನೂ ಸವೆಸುತ್ತದೆ ಅನ್ನೋದು ಸುಮ್ನೆ ಮಾತು. ನೋವಿಲ್ಲದವರಿಗೆ, ನೆಲದ ಮೇಲೆ ಕೂತೇಳುವ ರೂಢಿ ಇದ್ದವರಿಗೆ ಇದು ಸರಿ. ಧಬಕ್ಕನೆ ಕೆಳಗೆ ಬೀಳಬಾರದು, ಅಷ್ಟೆ.

ಮೆಟ್ಟಿಲು ಇಳಿಯುವಾಗ ಚಿಪ್ಪಿನ ಸುತ್ತ ನೋವಾ? ಅರ್ಧಕ್ಕೂ ಮೊದಲೇ ನಿಲ್ಲಿಸಿ, ಹಿಂದೆ ಕುರ್ಚಿ ಇರಲಿ. ಆದರೆ ಅರ್ಧ ಬಸ್ಕಿ ಸುಲಭ ಅಂತ ಭುಜದ ಮೇಲೆ ಜಾಸ್ತಿ ತೂಕ ಹೇರಿದರೆ ಲಾಭವೆಲ್ಲ ಹೋಯಿತು.

ವಾಲಿಬಾಲ್ ಆಡಿ ಚಿಪ್ಪಿನ ಕೆಳಗಿನ ರಜ್ಜು ನೋಯುತ್ತಿದ್ದರೆ ಗೋಡೆಗೊರಗಿ 30-45 ಸೆಕೆಂಡ್ ಕೂರುವುದು ವಾಸಿ. ರಜ್ಜು ಗಟ್ಟಿಯಾಗೋದಕ್ಕೆ ತಿಂಗಳುಗಳೇ ಬೇಕು. ಮಂಡಿ ಊದಿದ್ದರೆ, ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಮೂರೂ ಬೇಡ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.