ಅರಿಸ್ಟಾಟಲನೋ ಮೆಕಿಯವೆಲ್ಲಿಯೋ: ಯಾರಿಂದ ಆರಂಭಿಸಬೇಕು?

ನೀತಿಗೂ ರಾಜಕೀಯ ಚಿಂತನೆಗೂ ಇರುವ ನಂಟನ್ನು ಅರಿಯಲು ಹೊರಟವರಿಗೆ ಈ ಇಬ್ಬರೂ ಎದುರಾಗುತ್ತಾರೆ.

ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲನಿಗೆ ಇವೆರಡೂ ಬೇರೆ ಬೇರೆ ಶಾಸ್ತ್ರಗಳೇ ಅಲ್ಲ. ಮನುಷ್ಯನ ಪರಮ ಒಳಿತು ಯಾವುದೆಂದು ಕೇಳುವ ಅವನ ‘ನಿಕೊಮೇಕಿಯನ್ ಎಥಿಕ್ಸ್’ ಆ ವಿಚಾರಣೆಯನ್ನು ಆರಂಭದಲ್ಲೇ ರಾಜ್ಯಶಾಸ್ತ್ರಕ್ಕೆ ಒಪ್ಪಿಸುತ್ತದೆ. ಸದ್ಗುಣವು ಅಭ್ಯಾಸದಿಂದ ಬರುವುದಾದ್ದರಿಂದ ಆ ಅಭ್ಯಾಸವನ್ನು ರೂಢಿಸುವ ಕಾನೂನುಗಳೂ ಬೇಕೆಂದು ವಾದಿಸಿ, ಕೊನೆಯಲ್ಲಿ ಓದುಗನನ್ನು ಅವನದೇ ಇನ್ನೊಂದು ಕೃತಿಯಾದ ‘ಪಾಲಿಟಿಕ್ಸ್’ನತ್ತ ದಾಟಿಸುತ್ತದೆ. ಗುಲಾಮಗಿರಿ ಕೆಲವರಿಗೆ ಸಹಜವೆಂದು ಸಮರ್ಥಿಸಿದವನೂ ಇವನೇ. ಒಳಿತಿನ ಶಾಸ್ತ್ರಕಾರನಿಗೆ ಇದು ಸಣ್ಣ ಕಳಂಕವಲ್ಲ.

1513ರಲ್ಲಿ ರಚಿತವಾಗಿ 1532ರಲ್ಲಿ ಅಚ್ಚಾದ, ಇಟಲಿಯ ರಾಜಕೀಯ ಚಿಂತಕ ಮೆಕಿಯವೆಲ್ಲಿಯ ‘ದಿ ಪ್ರಿನ್ಸ್’ ಕಿರಿದು, ಚುರುಕು. ಒಳ್ಳೆಯವರಲ್ಲದ ಅನೇಕರ ನಡುವೆ ಸದಾ ಒಳ್ಳೆಯವನಾಗಿಯೇ ಇರಬಯಸುವವನು ನಾಶವಾಗುವುದರಿಂದ, ಅಗತ್ಯ ಬಿದ್ದಾಗ ಹಾಗಿರದಿರಲು ಅರಸನು ಕಲಿಯಬೇಕೆಂದು ಅದರ 15ನೆಯ ಅಧ್ಯಾಯ ಹೇಳುತ್ತದೆ. ಗಮನಿಸಿ, ಇಲ್ಲಿ ಕೆಡುಕಿಗೆ ಒಳಿತೆಂಬ ಹೆಸರು ಸಿಗುವುದಿಲ್ಲ.

ಕಾನೂನು, ಶಿಕ್ಷಣ, ಪೌರತ್ವಗಳ ಉದ್ದೇಶವನ್ನು ಹುಡುಕುವವರಿಗೆ ಅರಿಸ್ಟಾಟಲನು ತಕ್ಕವನು. ಅಧಿಕಾರದಲ್ಲಿರುವವರ ಇಕ್ಕಟ್ಟುಗಳನ್ನು ಅರಿಯಬಯಸುವವರಿಗೆ ಮೆಕಿಯವೆಲ್ಲಿ. ಎರಡೂ ಬೇಕೆನ್ನುವವರು ಅರಿಸ್ಟಾಟಲನ ‘ಎಥಿಕ್ಸ್’ನ ಮೊದಲ ಹಾಗೂ ಕೊನೆಯ ಭಾಗಗಳನ್ನಾದರೂ ಮುಗಿಸಿಕೊಂಡು ಮುಂದುವರಿಯುವುದು ಲೇಸು, ಏಕೆಂದರೆ ಮೆಕಿಯವೆಲ್ಲಿ ಮುರಿದದ್ದು ಅಲ್ಲಿ ಕಟ್ಟಿದ್ದನ್ನೇ.