ಡೇಟಾ ಅನಾಲಿಸ್ಟ್ ಆಗಲು ಕೋಚಿಂಗೋ, ಅಪ್ರೆಂಟಿಸ್‌ಶಿಪ್ಪೋ: ಎರಡನ್ನೂ ಮುಗಿಸಿದ ಮೇಲೆ ಬರೆದ ಹೋಲಿಕೆ

ಬಿ.ಕಾಂ. ಮುಗಿಸಿ ಡೇಟಾ ಅನಾಲಿಸ್ಟ್ (ಸಂಸ್ಥೆಯ ಅಂಕಿಅಂಶಗಳನ್ನು ವಿಶ್ಲೇಷಿಸಿ ವರದಿ ಕೊಡುವವನು) ಆಗಬೇಕೆಂದು ಹೊರಟ ನಾನು ಎರಡು ದಾರಿಗಳನ್ನು ನಡೆದು ನೋಡಿದ್ದೇನೆ. ಮೊದಲನೆಯದು ಬೆಂಗಳೂರಿನ ಮಾರತ್ತಹಳ್ಳಿಯ ಒಂದು ಕೋಚಿಂಗ್ ಸಂಸ್ಥೆಯ ಆರು ತಿಂಗಳ ಕೋರ್ಸು. ಅದಕ್ಕೆ 55,000 ರೂಪಾಯಿ ಶುಲ್ಕ, ಶೇ 18ರ ಜಿಎಸ್‌ಟಿ ಸೇರಿ 64,900 ರೂಪಾಯಿಯನ್ನು ಅಮ್ಮನ ಸರ ಅಡವಿಟ್ಟು ಕಟ್ಟಿದೆ. ಎರಡನೆಯದು ಪೀಣ್ಯದಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ. ಅಲ್ಲಿ ನಾನು ಏನನ್ನೂ ಕಟ್ಟಲಿಲ್ಲ; ನನಗೇ ತಿಂಗಳಿಗೆ 12,000 ರೂಪಾಯಿ ಶಿಷ್ಯವೇತನ ನಿಗದಿಯಾಗಿತ್ತು. ನನ್ನ ಒಲವು ಎರಡನೆಯದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ದಾರಿಯಲ್ಲಿ ನನ್ನನ್ನು ಬಹಳ ಸತಾಯಿಸಿದ ಒಂದು ತೊಡಕೂ ಇತ್ತು. ಅದನ್ನು ವಿವರವಾಗಿಯೇ ಬರೆಯುತ್ತೇನೆ.

ಪಾಠದ ವಿಷಯಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎಕ್ಸೆಲ್, ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್, ಚಾರ್ಟು-ವರದಿ ತಯಾರಿಸುವ ಪವರ್ ಬಿಐ, ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಎರಡೂ ಕಡೆ ಇದ್ದವು. ವ್ಯತ್ಯಾಸವಿದ್ದದ್ದು ಡೇಟಾದಲ್ಲಿ. ಕೋಚಿಂಗ್‌ನಲ್ಲಿ ನಮಗೆ ಕೊಟ್ಟದ್ದು ಟೈಟಾನಿಕ್ ಹಡಗಿನ ಪ್ರಯಾಣಿಕರ 891 ಸಾಲುಗಳ ಪಟ್ಟಿ ಮತ್ತು ಐರಿಸ್ ಹೂವುಗಳ ಅಳತೆಯ 150 ಸಾಲುಗಳ ಪಟ್ಟಿ. ಇವು ಜಗತ್ತಿನಾದ್ಯಂತ ಕಲಿಕೆಗೆ ಬಳಸುವ ಪಟ್ಟಿಗಳು, ತಪ್ಪೇನಿಲ್ಲ. ಆದರೆ ಅವುಗಳಲ್ಲಿ ಒಂದು ಅಂಕಿ ಏಕೆ ಖಾಲಿ ಇದೆ ಎಂದು ಕೇಳಬೇಕಾದರೆ ಕೇಳಲು ಯಾರೂ ಇಲ್ಲ. ಖಾಲಿ ಜಾಗಕ್ಕೆ ಸರಾಸರಿಯನ್ನು ತುಂಬಿ ಮುಂದೆ ಹೋಗುವುದನ್ನು ನಾವು ಕಲಿತೆವು.

ಪೀಣ್ಯದಲ್ಲಿ ನನ್ನ ಕೈಗೆ ಮೊದಲು ಬಂದದ್ದು ಐದು ವರ್ಷಗಳ ಡಿಸ್ಪ್ಯಾಚ್ (ಸರಕು ರವಾನೆ) ದಾಖಲೆ. ಅದರಲ್ಲಿ ಒಬ್ಬನೇ ಡೀಲರ್ ಒಂದು ಕಡೆ ಶಿವಮೊಗ್ಗದವನು, ಇನ್ನೊಂದು ಕಡೆ ಶಿಮೊಗದವನು. ಬಳ್ಳಾರಿ, ಬೆಳಗಾವಿ, ಕಲಬುರಗಿಯ ಕಥೆಯೂ ಅದೇ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ ಅಧಿಕೃತವಾಗಿ ಬದಲಾಯಿತು. ನಮ್ಮ ಡೀಲರ್ ಪಟ್ಟಿ ಮಾತ್ರ ಅರ್ಧ ಹಳೆಯದಾಗಿ, ಅರ್ಧ ಹೊಸದಾಗಿ ಉಳಿದುಕೊಂಡಿತ್ತು. ಸೊನ್ನೆಯಿಂದ ಆರಂಭವಾಗುವ ಬಿಡಿಭಾಗದ ಕೋಡ್‌ಗಳನ್ನು ಎಕ್ಸೆಲ್ ಸಂಖ್ಯೆಯೆಂದು ತಿಳಿದು ಮೊದಲ ಸೊನ್ನೆಯನ್ನು ಅಳಿಸಿಹಾಕಿತ್ತು. 03-04 ಎಂದು ಬರೆದದ್ದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂದು ತಿಳಿಯಲು ಲಾರಿ ರಸೀದಿಯನ್ನೇ ತೆರೆದು ನೋಡಬೇಕಿತ್ತು.

ಒಂದು ದಿನ ರವಾನೆಯ ದಿನಾಂಕವೇ ಇಲ್ಲದ ಸುಮಾರು ಇನ್ನೂರು ಸಾಲುಗಳು ಸಿಕ್ಕಾಗ, ಅವುಗಳನ್ನು ಅಳಿಸಲೇ ಎಂದು ನನ್ನ ಮೇಲ್ವಿಚಾರಕಿಯನ್ನು ಕೇಳಿದೆ. ಅವರು, ‘ಕೆಳಗೆ ಹೋಗಿ ಗೋಡೌನಿನಲ್ಲಿ ಕೇಳಿಕೊಂಡು ಬಾ’ ಎಂದರು. ಡೀಲರ್ ತಾನೇ ಗಾಡಿ ತಂದು ಸರಕು ಒಯ್ದರೆ ದಿನಾಂಕದ ಕಾಲಂ ಖಾಲಿ ಬಿಡುವುದು ಅಲ್ಲಿನ ರೂಢಿ ಎಂದು ಗೋಡೌನಿನ ಹಿರಿಯರು ಹೇಳಿದರು. ಅಂದರೆ ಆ ಇನ್ನೂರು ಸಾಲುಗಳು ಅಪೂರ್ಣವಾಗಿರಲಿಲ್ಲ. ಅವು ಬೇರೊಂದು ಬಗೆಯ ಮಾರಾಟವಾಗಿದ್ದವು. ಕೋಚಿಂಗ್‌ನಲ್ಲಿ ಕಲಿತಂತೆ ಅವುಗಳಿಗೆ ಸರಾಸರಿ ತುಂಬಿದ್ದರೆ ವರದಿಯೇ ಸುಳ್ಳಾಗುತ್ತಿತ್ತು. ಅಂಕಿಯನ್ನು ಬರೆದವರ ಬಳಿ ಹೋಗಿ ಮಾತನಾಡುವ ಈ ಅಭ್ಯಾಸವನ್ನು ಯಾವ ವಿಡಿಯೊ ಪಾಠವೂ ಕೊಡಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ತೊಡಕಿನ ಮಾತು. ಅಪ್ರೆಂಟಿಸ್ ಆಗಬೇಕಾದರೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದ ನೋಂದಣಿಯಾಗಬೇಕು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿಗೆ ಮೊದಲು ಎರಡು ಇನಿಷಿಯಲ್‌ಗಳಿವೆ. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ನನ್ನ ಹೆಸರಿನ ನಂತರ ಬಂದಿತ್ತು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ ಹೋಗಿದೆ. ನಮ್ಮ ಕಡೆ ಇದು ಮನೆಮನೆಯ ಸಂಗತಿ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹೆಸರು ಅಕ್ಷರಕ್ಕೆ ಅಕ್ಷರ ಹೊಂದದ ಕಾರಣ ನನ್ನ ಒಪ್ಪಂದ ಮುಂದೆ ಸಾಗಲಿಲ್ಲ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ ಬದಲಿಸಲು ಅವಕಾಶವಿರುವುದರಿಂದ, ಯಾವ ರೂಪವನ್ನು ಶಾಶ್ವತವಾಗಿ ಉಳಿಸಿಕೊಳ್ಳಬೇಕು ಎಂದು ಮನೆಯವರೆಲ್ಲ ಕುಳಿತು ಚರ್ಚಿಸಿ, ಕೊನೆಗೆ ಅಂಕಪಟ್ಟಿಯಲ್ಲಿದ್ದಂತೆಯೇ ಮಾಡಿಸಿದೆವು. ಅಷ್ಟರಲ್ಲಿ ಏಳು ವಾರ ಕಳೆದಿತ್ತು.

ಅಲ್ಲಿಗೂ ಮುಗಿಯಲಿಲ್ಲ. ನನ್ನ ಶಿಷ್ಯವೇತನದಲ್ಲಿ 7,500 ರೂಪಾಯಿಯನ್ನು ಕಂಪನಿ ಕೊಡುತ್ತಿತ್ತು. ಸರ್ಕಾರದ ಪಾಲಾದ 4,500 ರೂಪಾಯಿ ನೇರವಾಗಿ ನನ್ನ ಖಾತೆಗೆ ಬರಬೇಕಿತ್ತು. ಮೂರು ತಿಂಗಳು ಅದು ಬರಲಿಲ್ಲ. ಇಂಥ ಹಣ ನಾವು ಬರೆದುಕೊಟ್ಟ ಖಾತೆಗೆ ಹೋಗುವುದಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಪಿಯುಸಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತುಬಿಟ್ಟಿದ್ದ ಖಾತೆ ಆಧಾರ್‌ಗೆ ಜೋಡಣೆಯಾಗಿಯೇ ಇತ್ತು. ವರ್ಷಗಟ್ಟಲೆ ವಹಿವಾಟಿಲ್ಲದೆ ಅದು ನಿಷ್ಕ್ರಿಯವಾಗಿದ್ದರಿಂದ ಹಣ ಜಮೆಯಾಗುತ್ತಿರಲಿಲ್ಲ. ತುಮಕೂರಿನ ಬ್ಯಾಂಕ್ ಶಾಖೆಗೆ ನಾಲ್ಕು ಬಾರಿ ಹೋಗಿ ಜೋಡಣೆ ಬದಲಿಸಿಕೊಂಡ ಮೇಲೆ ಬಾಕಿ ಒಟ್ಟಿಗೆ ಬಂತು. ಕೋಚಿಂಗ್‌ನಲ್ಲಿ ಇಂಥ ಯಾವ ತೊಂದರೆಯೂ ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಹಣ ಕಟ್ಟಿದ ಮರುದಿನವೇ ತರಗತಿ ಶುರುವಾಗಿತ್ತು.

ಪ್ರಯಾಣದ ವಿಚಾರದಲ್ಲಿ ಪೀಣ್ಯವೇ ಅನುಕೂಲ: ತುಮಕೂರಿನಿಂದ ಯಶವಂತಪುರಕ್ಕೆ ರೈಲಿನ ಮಾಸಿಕ ಪಾಸ್, ಅಲ್ಲಿಂದ ಮೆಟ್ರೊ.

ಪ್ರಮಾಣಪತ್ರದ ತೂಕ ಎರಡಕ್ಕೂ ಒಂದೇ ಅಲ್ಲ. ಅಪ್ರೆಂಟಿಸ್‌ಶಿಪ್ಪಿನದು ಕೇಂದ್ರ ಸರ್ಕಾರದ ತರಬೇತಿ ಮಂಡಳಿ ಕೊಡುವಂಥದ್ದು. ಕೋಚಿಂಗಿನದನ್ನು ಸಂದರ್ಶನದಲ್ಲಿ ಯಾರೂ ಕೇಳಲಿಲ್ಲ.

ಕೆಲಸದ ಖಾತರಿ ಎರಡರಲ್ಲೂ ಇಲ್ಲ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಅವಧಿ ಮುಗಿದ ಮೇಲೆ ಅವನನ್ನು ಉಳಿಸಿಕೊಳ್ಳಬೇಕೆಂಬ ಕಡ್ಡಾಯ ಕಂಪನಿಗಿಲ್ಲ. ನಮ್ಮ ಮೂವರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಂಡರು, ಅದು ನಾನಲ್ಲ. ಬೇಸರವಾಯಿತು. ಆದರೆ ಎರಡು ತಿಂಗಳ ನಂತರ ಒಂದು ಔಷಧ ವಿತರಣಾ ಸಂಸ್ಥೆಯ ಸಂದರ್ಶನದಲ್ಲಿ ಆ ಇನ್ನೂರು ಖಾಲಿ ದಿನಾಂಕಗಳ ವಿಷಯವನ್ನೇ ಹೇಳಿದೆ. ಅವರು ಅರ್ಧ ಗಂಟೆ ಅದರ ಬಗ್ಗೆಯೇ ಪ್ರಶ್ನೆ ಕೇಳಿದರು. ಈಗ ಅಲ್ಲಿಯೇ ಕೆಲಸದಲ್ಲಿದ್ದೇನೆ.

ಕೋಚಿಂಗ್ ಯಾರಿಗೂ ಬೇಡವೆಂದು ನಾನು ಹೇಳುವುದಿಲ್ಲ. ಈಗಾಗಲೇ ನೌಕರಿಯಲ್ಲಿದ್ದು, ತಮ್ಮ ಕಚೇರಿಯ ಡೇಟಾವನ್ನೇ ಕೈಯಲ್ಲಿ ಹಿಡಿದುಕೊಂಡು ಬರುವವರಿಗೆ ಶನಿವಾರ, ಭಾನುವಾರದ ತರಗತಿ ಸಾಕು. ಪದವಿ ಮುಗಿದು ಬಹಳ ವರ್ಷಗಳಾದವರಿಗೆ ಅಪ್ರೆಂಟಿಸ್ ಆಗಿ ಸೇರುವುದು ಕಷ್ಟ. ನಾನಾದರೋ ಯಾರಾದರೂ ಪಕ್ಕದಲ್ಲಿ ಕುಳಿತು ತಿದ್ದಿದರೆ ಮಾತ್ರ ಕಲಿಯುವ ಸ್ವಭಾವದವನು, ಸಾಲ ಮಾಡಿ ಕಲಿಯುವ ಸ್ಥಿತಿಯಲ್ಲಿ ಇಲ್ಲದವನು. ಹಾಗಾಗಿ ಮತ್ತೊಮ್ಮೆ ಆರಿಸಬೇಕಾದರೆ ಮೊದಲ ದಿನವೇ ಅಪ್ರೆಂಟಿಸ್‌ಶಿಪ್ಪಿಗೆ ಅರ್ಜಿ ಹಾಕುತ್ತೇನೆ. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವಿರುವುದರಿಂದ, ಸಾಫ್ಟ್‌ವೇರ್ ಕಂಪನಿಗಳ ಬಾಗಿಲನ್ನೇ ಕಾಯದೆ ಕಾರ್ಖಾನೆ, ಆಸ್ಪತ್ರೆ, ಸಾರಿಗೆ ಸಂಸ್ಥೆಗಳಲ್ಲಿಯೂ ವಿಚಾರಿಸಬಹುದು.

ಈ ವರ್ಷ ಪದವಿ ಮುಗಿಸುವ ನನ್ನ ಚಿಕ್ಕಪ್ಪನ ಮಗಳೂ ಇದೇ ದಾರಿ ಹಿಡಿಯುತ್ತೇನೆ ಎಂದಿದ್ದಾಳೆ. ಹೋದ ಭಾನುವಾರ ಅವಳ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಎರಡು ಹೊಂದುತ್ತಿವೆ; ಪಾಸ್‌ಬುಕ್ಕಿನ ಹೆಸರನ್ನು ಸರಿಪಡಿಸಲು ಸೋಮವಾರವೇ ಅರ್ಜಿ ಕೊಟ್ಟು ಬಂದಳು.