ಕ್ಯಾಂಪರ್ ವ್ಯಾನಿನೊಳಗೆ ಇಲಿ, ಇರುವೆ, ಸೊಳ್ಳೆ: ಕೊಡಗಿನ ಮೂರು ಮಳೆಗಾಲಗಳಲ್ಲಿ ಹೋಲಿಸಿ ನೋಡಿದ ಉಪಾಯಗಳು

ಸಿದ್ದಾಪುರದ ಸಮೀಪ ನಮ್ಮ ಕಾಫಿ ತೋಟದ ಕಣದ ಪಕ್ಕದಲ್ಲಿರುವ ಶೆಡ್ಡಿನಲ್ಲಿ ನಿಲ್ಲುವ ಕ್ಯಾಂಪರ್ ವ್ಯಾನು ಮೊದಲು ಹನ್ನೆರಡು ಸೀಟಿನ ಹಳೆಯ ಟೆಂಪೊ ಆಗಿತ್ತು. ಸೀಟುಗಳನ್ನು ಕಿತ್ತು, ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಮತ್ತು ಪ್ಲೈವುಡ್ ಕಪಾಟುಗಳನ್ನು ಕೂರಿಸಿದ ಮೇಲೆ ಅದು ನಮಗೆ ಮನೆಯಾದಷ್ಟೇ ಸಲೀಸಾಗಿ ತೋಟದ ಇತರ ಜೀವಿಗಳಿಗೂ ಮನೆಯಾಯಿತು. ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ತನಕ ನಾವು ತಿರುಗಾಡುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಬಹುಪಾಲು ನಿಂತೇ ಇರುತ್ತದೆ. ಸುತ್ತಲಿನ ಮಣ್ಣೆಲ್ಲ ನೆನೆದು, ಬಿಲಗಳಲ್ಲಿ ನೀರು ತುಂಬಿರುವ ಆ ನಾಲ್ಕು ತಿಂಗಳಲ್ಲಿ ಒಣಗಿದ, ಬೆಚ್ಚಗಿನ, ಅಕ್ಕಿಯ ವಾಸನೆಯಿರುವ ಪೆಟ್ಟಿಗೆಯೊಂದು ಕಣ್ಣೆದುರಿಗೆ ನಿಂತಿದ್ದರೆ ಇಲಿಯು ಬೇರೆಲ್ಲಿಗೆ ಹೋದೀತು? ಹೀಗಾಗಿ ನನ್ನ ಪ್ರಯೋಗಗಳೆಲ್ಲ ಇಲಿಯಿಂದಲೇ ಆರಂಭವಾದವು, ಹಣವೂ ಹೆಚ್ಚಾಗಿ ಅಲ್ಲಿಯೇ ಖರ್ಚಾಯಿತು.

ಮೊದಲ ಮಳೆಗಾಲದಲ್ಲಿ ಶಬ್ದ ಮತ್ತು ವಾಸನೆಗಳನ್ನು ನಂಬಿದೆ. ಮನುಷ್ಯರ ಕಿವಿಗೆ ಕೇಳದ ಶಬ್ದವನ್ನು ಹೊರಡಿಸಿ ಇಲಿಗಳನ್ನು ಓಡಿಸುತ್ತದೆಂದು ಹೇಳುವ ಅಲ್ಟ್ರಾಸಾನಿಕ್ ಸಾಧನವನ್ನು ಗಾಡಿಯ ಬ್ಯಾಟರಿಗೆ ಜೋಡಿಸಿದೆ. ಪುದೀನಾ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆಗಳನ್ನು ಕಪಾಟಿನ ಮೂಲೆಗಳಲ್ಲಿ ಇಟ್ಟೆ. ಮೊದಲ ವಾರ ಏನೂ ಕಾಣಲಿಲ್ಲ, ಗೆದ್ದೆನೆಂದುಕೊಂಡೆ. ಮೂರನೆಯ ವಾರ ಆ ಸಾಧನದ ನೆತ್ತಿಯ ಮೇಲೆಯೇ ಇಲಿಯ ಹಿಕ್ಕೆಗಳು ಬಿದ್ದಿದ್ದವು. ಅಷ್ಟು ಹೆಚ್ಚಿನ ಕಂಪನಾಂಕದ ಶಬ್ದವು ಪ್ಲೈವುಡ್ಡನ್ನಾಗಲಿ ಹಾಸಿಗೆಯನ್ನಾಗಲಿ ದಾಟುವುದಿಲ್ಲವಾದ್ದರಿಂದ ಕಪಾಟಿನ ಹಿಂದೆ ಕುಳಿತ ಇಲಿಗೆ ಅದು ತಲುಪುವುದೇ ಇಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ ಇಂಥ ಸಾಧನಗಳ 60ಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ, ಅವರ ಹೇಳಿಕೆಗಳಿಗೆ ವೈಜ್ಞಾನಿಕ ಆಧಾರವಿರಬೇಕೆಂದು ಎಚ್ಚರಿಕೆಯ ಪತ್ರ ಬರೆದಿತ್ತು ಎಂಬುದು ನನಗೆ ತಿಳಿದದ್ದು ಹಣ ಕೊಟ್ಟ ಮೇಲೆ. ಪುದೀನಾ ಎಣ್ಣೆಯ ವಾಸನೆ ನಾಲ್ಕೈದು ದಿನಗಳಲ್ಲಿ ಆರಿಹೋಗುತ್ತಿತ್ತು. ಕೊನೆಗೆ ಆ ಹತ್ತಿಯನ್ನೂ ಬಿಡದೆ ಇಲಿಗಳು ಗೂಡಿನ ಹಾಸಿಗೆಗೆ ಬಳಸಿಕೊಂಡಿದ್ದವು.

ಎರಡನೆಯ ವರ್ಷ ಸಂದುಗಳನ್ನು ಮುಚ್ಚಲು ನಿರ್ಧರಿಸಿ, ಡಬ್ಬಿಯಿಂದ ಚಿಮ್ಮಿಸಿದಾಗ ಉಬ್ಬಿ ಗಟ್ಟಿಯಾಗುವ ಪಿಯು (ಪಾಲಿಯುರೆಥೇನ್) ಫೋಮನ್ನು ಗಾಡಿಯ ತಳದಲ್ಲಿ ತುಂಬಿಸಿದೆ. ಜಿರಳೆಗಳ ಮಟ್ಟಿಗೆ ಇದು ಒಳ್ಳೆಯ ಉಪಾಯ, ಚಳಿಗೂ ತಡೆ. ಆದರೆ ಇಲಿಯ ಹಲ್ಲಿಗೆ ಅದು ಒಣಗಿದ ಬ್ರೆಡ್ಡಿನಂತೆ. ಗ್ಯಾಸ್ ಕೊಳವೆ ಒಳಬರುವ ತೂತಿನ ಬಳಿ ಹಳದಿ ಪುಡಿಯ ಸಣ್ಣ ಗುಡ್ಡೆಯೇ ಬಿದ್ದಿತ್ತು.

ಮೂರನೆಯ ವರ್ಷದ ಉಪಾಯವೇ ಇಂದಿಗೂ ನಿಂತಿರುವುದು. ರಾತ್ರಿ ಗಾಡಿಯೊಳಗೆ ಪ್ರಖರವಾದ ದೀಪವನ್ನು ಹಚ್ಚಿ, ಗೋಣಿಚೀಲ ಹಾಸಿಕೊಂಡು ಅಡಿಯಲ್ಲಿ ಮಲಗಿ ನೋಡಿದರೆ ಬೆಳಕು ಎಲ್ಲೆಲ್ಲಿ ಸೋರುತ್ತದೆಯೋ ಅಲ್ಲೆಲ್ಲ ದಾರಿಯಿದೆ ಎಂದರ್ಥ. ನನಗೆ ಹದಿನಾಲ್ಕು ತೂತುಗಳು ಸಿಕ್ಕವು. ಸುಂಡಿಲಿಗೆ ಸುಮಾರು 6 ಮಿಲಿಮೀಟರ್, ಅಂದರೆ ಪೆನ್ಸಿಲ್ ದಪ್ಪದ ಸಂದು ಸಾಕು. ದೊಡ್ಡ ಇಲಿಗೆ 12 ಮಿಲಿಮೀಟರ್ ಇದ್ದರಾಯಿತು. ಸಣ್ಣ ತೂತುಗಳಿಗೆ ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ, ಅದರ ಮೇಲೆ ಸಿಲಿಕಾನ್ ಸೀಲೆಂಟ್ ಬಳಿದೆ. ದೊಡ್ಡ ಕಿಂಡಿಗಳಿಗೆ ಕಾಲು ಇಂಚಿನ ಕಣ್ಣುಗಳಿರುವ ತಂತಿ ಜಾಲರಿಯನ್ನು ಸ್ಕ್ರೂ ಹಾಕಿ ಕೂರಿಸಿದೆ. ಇಲ್ಲಿ ಒಂದು ಎಚ್ಚರಿಕೆ: ಬಣ್ಣದವರು ಬಳಸುವ ಸಾಧಾರಣ ಉಕ್ಕಿನ ನಾರು ನಮ್ಮ ಹವೆಯಲ್ಲಿ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕಿನ ಪುಡಿಯಾಗುತ್ತದೆ. ಅಗ್ಗವೆಂದು ನಾನು ಮೊದಲು ಎರಡು ತೂತುಗಳಿಗೆ ಅದನ್ನೇ ತುರುಕಿದ್ದೆ, ಮುಂದಿನ ಇಲಿ ಬಂದದ್ದು ಆ ಎರಡರಲ್ಲೊಂದರಿಂದಲೇ.

ಈ ಉತ್ಸಾಹದಲ್ಲಿ ಗ್ಯಾಸ್ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದ ಕಿಂಡಿಯನ್ನು ಮಾತ್ರ ಯಾರೂ ಮುಚ್ಚಬಾರದು. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ಕೆಳಗೆ ಇಳಿದು ಸಂಗ್ರಹವಾಗುತ್ತದೆ, ಅದು ಹೊರಗೆ ಹರಿದುಹೋಗಲು ಇರುವ ದಾರಿಯೇ ಆ ಕಿಂಡಿ. ಅದಕ್ಕೆ ಜಾಲರಿಯನ್ನಷ್ಟೇ ಹಾಕಿ, ಮಣ್ಣಿನ ಗೂಡು ಕಟ್ಟುವ ಕಣಜಗಳು ಅದನ್ನು ಮೆತ್ತಿಬಿಟ್ಟಿಲ್ಲವೆಂಬುದನ್ನು ಪ್ರತಿ ಪ್ರಯಾಣಕ್ಕೂ ಮೊದಲು ನೋಡಿಕೊಳ್ಳಬೇಕು.

ಈಗಾಗಲೇ ಒಳಗಿರುವ ಇಲಿಗೆ ಬೋನು, ವಿಷ, ಅಂಟುಹಲಗೆ ಎಂಬ ಮೂರು ದಾರಿಗಳಿವೆ. ವಿಷ ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುವುದರಿಂದ ಅದು ಗೋಡೆಯ ತಗಡಿನ ಹಿಂದೆ ಹೋಗಿ ಸತ್ತು, ಹದಿನೈದು ದಿನ ಗಾಡಿಯ ಬಾಗಿಲು ತೆರೆಯದಂತೆ ಮಾಡಿತು. ಮೇಲಾಗಿ ಅಂಥ ಇಲಿಯನ್ನು ತಿನ್ನುವ ಗೂಬೆಗೂ ತೋಟದ ನಾಯಿಗೂ ಅಪಾಯ. ಅಂಟುಹಲಗೆ ಕ್ರೂರವಾದದ್ದು, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಅದರ ಬಳಕೆಯ ವಿರುದ್ಧ ಸಲಹೆ ನೀಡಿದೆ. ಒಮ್ಮೆ ನೋಡಿದ ಮೇಲೆ ಮತ್ತೆ ಇಡಲು ಮನಸ್ಸಾಗಲಿಲ್ಲ. ಗೋಡೆಗೆ ಒತ್ತಿ ಇಟ್ಟ ಹಳೆಯ ಇಲಿಬೋನು, ಅದರೊಳಗೆ ಸುಟ್ಟ ಕೊಬ್ಬರಿಯ ಚೂರು, ಇಷ್ಟೇ ನನಗೆ ಫಲ ಕೊಟ್ಟದ್ದು. ನಮ್ಮಲ್ಲಿ ಒಣಮೀನು ಕೊಬ್ಬರಿಗಿಂತ ಬೇಗ ಕೆಲಸ ಮಾಡುತ್ತದೆಂದು ವಾದಿಸುವವರಿದ್ದಾರೆ, ಆದರೆ ಮಲಗುವ ಜಾಗದಲ್ಲಿ ನಾನು ಅದನ್ನು ಪರೀಕ್ಷಿಸಲಿಲ್ಲ.

ಇರುವೆಗಳ ವಿಷಯದಲ್ಲಿ ಈ ಲೆಕ್ಕಾಚಾರ ತಲೆಕೆಳಗಾಯಿತು. ಇರುವೆಗೆ ಸಂದು ಮುಚ್ಚುವುದೆಂದರೆ ಜರಡಿಗೆ ತೇಪೆ ಹಾಕಿದಂತೆ. ಮನೆಯಲ್ಲಿ ಹಿಂದೆ ತಿಂಡಿಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡುತ್ತಿದ್ದುದನ್ನು ನೆನೆದು ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸುವ ಜ್ಯಾಕುಗಳಿಗೂ ಬಟ್ಟಲು ಇಟ್ಟೆ, ಆದರೆ ನಾಲ್ಕು ಚಕ್ರಗಳು ನಾಲ್ಕು ಸೇತುವೆಗಳಾಗಿ ಉಳಿದವು. ಚಕ್ರದ ಸುತ್ತ ಇರುವೆ ಸೀಮೆಸುಣ್ಣದ ಗೆರೆ ಎಳೆದರೆ ಕುಶಾಲನಗರದ ಕಡೆಯ ಒಣ ಹವೆಯಲ್ಲಿ ಎರಡು ಮೂರು ದಿನ ನಿಲ್ಲುತ್ತಿತ್ತು. ಭಾಗಮಂಡಲದಲ್ಲಿ ರಾತ್ರಿ ಎಳೆದ ಗೆರೆ ಬೆಳಗಿನ ಮಂಜಿಗೆ ಇರುತ್ತಿರಲಿಲ್ಲ. ಅದು ಕೀಟನಾಶಕವೇ ಆದ್ದರಿಂದ ಅಡುಗೆ ಕಟ್ಟೆಯ ಮೇಲೆ ಎಳೆಯುವುದೂ ತರವಲ್ಲ.

ಇದಕ್ಕೆ ಎದುರಾಗಿ ನಿಂತದ್ದು ಬೋರಿಕ್ ಪುಡಿಯ ಸಿಹಿನೀರು. ಕೇರಂ ಹಲಗೆಗೆ ಉದುರಿಸುವ ಪುಡಿಯೂ ಸಾಮಾನ್ಯವಾಗಿ ಇದೇ. ಮೊದಲ ಸಲ ಬೇಗ ಸಾಯಲೆಂದು ಅರ್ಧ ಲೋಟ ಸಕ್ಕರೆ ನೀರಿಗೆ ಒಂದು ಚಮಚ ಪುಡಿ ಕಲಸಿದೆ. ಕುಡಿದ ಇರುವೆಗಳು ಮುಚ್ಚಳದ ಸುತ್ತಲೇ ಸತ್ತುಬಿದ್ದವು, ಆದರೆ ಗೂಡಿಗೆ ಏನೂ ಆಗಲಿಲ್ಲ, ಮರುದಿನ ಹೊಸ ಸಾಲು ಬಂತು. 100 ಮಿಲಿಲೀಟರ್ ಬಿಸಿನೀರಿಗೆ 10 ಗ್ರಾಂ ಸಕ್ಕರೆ ಮತ್ತು 1 ಗ್ರಾಂ ಮಾತ್ರ ಬೋರಿಕ್ ಪುಡಿ ಹಾಕಿದಾಗ ವಿಷ ನಿಧಾನವಾಗಿ ಕೆಲಸ ಮಾಡುವುದರಿಂದ ಕೆಲಸಗಾರ ಇರುವೆಗಳು ಅದನ್ನು ಗೂಡಿಗೆ ಒಯ್ದು ರಾಣಿಗೂ ಮರಿಗಳಿಗೂ ಉಣಿಸುತ್ತವೆ. ಮೊದಲ ಎರಡು ದಿನ ಸಾಲು ಇನ್ನಷ್ಟು ದಪ್ಪವಾಗುವುದನ್ನು ಸಹಿಸಿಕೊಳ್ಳಬೇಕು, ಮನೆಯವರಿಂದ ಮಾತೂ ಕೇಳಬೇಕು. ಒಂಬತ್ತನೆಯ ದಿನ ಸಾಲು ನಿಂತಿತು. ಈ ನೀರನ್ನು ಮಕ್ಕಳ ಕೈಗೂ ಸಾಕುಪ್ರಾಣಿಗಳ ಬಾಯಿಗೂ ಸಿಗದಂತೆ, ತೂತು ಮಾಡಿದ ಮುಚ್ಚಿದ ಡಬ್ಬಿಯಲ್ಲಿ ಇಡಬೇಕು.

ಚಗಳಿ ಇರುವೆಗಳಿಗೆ ಇದಾವುದೂ ತಗಲುವುದಿಲ್ಲ. ಎಲೆಗಳನ್ನು ಹೆಣೆದು ಮರದಲ್ಲಿ ಗೂಡು ಕಟ್ಟುವ ಅವು ಗಾಡಿಗೆ ಇಳಿಯುವುದು ಮೇಲ್ಛಾವಣಿಗೆ ತಾಗಿದ ರೆಂಬೆಯಿಂದ ಅಥವಾ ಚಪ್ಪರದ ಹಗ್ಗದಿಂದ. ರೆಂಬೆಯಿಂದ ಎರಡು ಅಡಿ ದೂರ ನಿಲ್ಲಿಸಿ, ಹಗ್ಗಕ್ಕೆ ಒಂದು ಗೇಣು ಗ್ರೀಸ್ ಹಚ್ಚಿದರೆ ಸಾಕು.

ಸೊಳ್ಳೆಗಳಿಗೆ ಬತ್ತಿಯೋ, ಪರದೆಯೋ ಎಂಬುದು ನನ್ನ ಪಾಲಿಗೆ ಹೋಲಿಕೆಯೇ ಅಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಸೊಳ್ಳೆಬತ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳದ್ದಕ್ಕೆ ಸಮ. ಕಿಟಕಿ ಮುಚ್ಚಿದ ಗಾಡಿಯೊಳಗೆ ಅದನ್ನು ಹಚ್ಚಿ ಮಲಗುವುದು ಸಲ್ಲದು. ಪೈಪೋಟಿ ಇರುವುದು ಪರದೆಗಳ ನಡುವೆಯೇ. ವೆಲ್ಕ್ರೋ ಪಟ್ಟಿಯಿಂದ ಅಂಟಿಸುವ ಪರದೆ ಅಗ್ಗ, ಆದರೆ ಜುಲೈನ ತೇವಕ್ಕೆ ಅದರ ಅಂಟು ಬಿಟ್ಟುಕೊಂಡಿತು. ಅಲ್ಯೂಮಿನಿಯಂ ಚೌಕಟ್ಟಿನ ಪರದೆಗೆ ಮೂರು ಪಟ್ಟು ಖರ್ಚಾಯಿತು, ಇನ್ನೂ ಅಲುಗಿಲ್ಲ. ಬಾಗಿಲಿಗೆ ಅಯಸ್ಕಾಂತದ ಪರದೆಯೇ ಅನುಕೂಲ, ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ ದಾಟಬಹುದು. ನೊರಜುಗಳು ಸಾಧಾರಣ ಸೊಳ್ಳೆಪರದೆಯ ಕಣ್ಣುಗಳಲ್ಲಿ ನುಸುಳುತ್ತವೆಂದು ಒಂದು ಕಿಟಕಿಗೆ ಇನ್ನೂ ಸಣ್ಣ ಕಣ್ಣಿನ ಪರದೆ ಹಾಕಿದೆ. ನೊರಜು ನಿಂತಿತು, ಗಾಳಿಯೂ ನಿಂತು ಆ ಬದಿಯ ಹಾಸಿಗೆಗೆ ಬೂಷ್ಟು ಹಿಡಿಯಿತು. ಹೊಳೆಯ ದಡದಲ್ಲಿ ಬೀಡುಬಿಡುವವರಿಗೆ ಸಣ್ಣ ಕಣ್ಣಿನದು ಸರಿ, ತೋಟದಲ್ಲಿ ನಿಲ್ಲಿಸುವವರಿಗೆ ಅಲ್ಲ. ಮೊದಲ ಮಳೆಯ ಸಂಜೆ ಹೊರಡುವ ಗೆದ್ದಲಿನ ರೆಕ್ಕೆಹುಳುಗಳಿಗಂತೂ ದೀಪವನ್ನು ಆರಿಸುವುದೇ ಮದ್ದು, ಬೇಕೇ ಬೇಕೆಂದರೆ ಬಿಳಿಯ ಬದಲು ಹಳದಿ ದೀಪ.

ಡಾಂಬರು ಗುಳಿಗೆಗಳನ್ನು ಬಟ್ಟೆಯ ಕಪಾಟಿನಲ್ಲಿ ಇಟ್ಟು ನೋಡಿ ತೆಗೆದೆ. ಅದರ ಆವಿ ಮಲಗುವ ಜಾಗಕ್ಕೆ ಹೊಂದುವುದಿಲ್ಲ, ಕೂಸುಗಳಿರುವ ಮನೆಯವರು ಅದರ ಗೊಡವೆಗೇ ಹೋಗದಿರುವುದು ಒಳ್ಳೆಯದು.

ಉಳಿದದ್ದು ಜಿಗಣೆ. ಬಾಗಿಲಿನ ಮೆಟ್ಟಿಲಿಗೆ ಉಪ್ಪು ಸುರಿಯುವುದೇ ಎಲ್ಲರೂ ಹೇಳುವ ಉಪಾಯ, ಜಿಗಣೆಯೂ ಅದನ್ನು ದಾಟುವುದಿಲ್ಲ. ಆದರೆ ಮಳೆಗೆ ಕರಗಿದ ಆ ಉಪ್ಪುನೀರು ಮೆಟ್ಟಿಲಿನ ಸಂದಿನಲ್ಲಿ ಇಳಿದು, ಎರಡೇ ವರ್ಷಗಳಲ್ಲಿ ಬಾಗಿಲ ಕೆಳಗಿನ ತಗಡನ್ನು ತುಕ್ಕು ಹಿಡಿಸಿ ಬೆರಳು ತೂರುವಷ್ಟು ತೂತು ಮಾಡಿತು. ಇಲಿಗಾಗಿ ಹದಿನಾಲ್ಕು ತೂತು ಮುಚ್ಚಿದವನು ಜಿಗಣೆಗಾಗಿ ಹದಿನೈದನೆಯದನ್ನು ನಾನೇ ತೆರೆದಂತಾಯಿತು. ಈಗ ತೋಟದ ಕೆಲಸದವರು ಮಾಡುವಂತೆ ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಕೋಲಿನ ತುದಿಗೆ ಸಿಕ್ಕಿಸಿ ಬಾಗಿಲ ಹೊರಗೆ ನೇತುಹಾಕಿದ್ದೇನೆ. ಹತ್ತುವ ಮೊದಲು ಎರಡೂ ಕಾಲುಗಳನ್ನು ನೋಡಿಕೊಂಡು, ಕಂಡ ಜಿಗಣೆಗೆ ಆ ಗಂಟನ್ನು ಮುಟ್ಟಿಸಿ ಬೀಳಿಸಿ, ಆಮೇಲೆ ಒಳಗೆ ಹೋಗುತ್ತೇವೆ.